ವಿದ್ಯಾವಿನಿಮಯದ ಕಚೇರಿ: ಹೊನ್ನವಳ್ಳಿಯ ತೆಂಗಿನ ಸೀಮೆಯನ್ನು ನಿದರ್ಶನವಾಗಿಟ್ಟುಕೊಂಡು ಒಂದು ವಿವೇಚನೆ

೧. ಪ್ರಸ್ತಾವನೆ

ವಿಶ್ವವಿದ್ಯಾನಿಲಯಗಳಲ್ಲಿ ಈಚೆಗೆ ಸ್ಥಾಪಿತವಾಗುತ್ತಿರುವ ಅಂತರರಾಷ್ಟ್ರೀಯ ವಿನಿಮಯ ಕಚೇರಿಯ ವಿಷಯದಲ್ಲಿ ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಪರದೇಶಕ್ಕೆ ಹೋಗಬಯಸುವವರ ಕಾಗದಪತ್ರಗಳಿಗೆ ಮೊಹರು ಒತ್ತುವ ಸ್ಥಳವದು ಎಂದು ಕೆಲವರು ಭಾವಿಸುತ್ತಾರೆ. ಹೊರಗಿನಿಂದ ಬಂದ ಅತಿಥಿಗಳಿಗೆ ಹಾರ ಹಾಕಿ ಬೀಳ್ಕೊಡುವ ಸ್ಥಳವೆಂದು ಮತ್ತೆ ಕೆಲವರು. ಈ ಎರಡು ಕೆಲಸಗಳೂ ಅಲ್ಲಿ ನಡೆಯುವುದು ನಿಜವೇ. ಆದರೆ ಕಚೇರಿಯ ಮುಖ್ಯೋದ್ದೇಶ ಇವೆರಡರಲ್ಲಿಯೂ ಇಲ್ಲ. ಅದು ಏನು ಮಾಡುತ್ತದೆ, ಯಾವ ಕ್ರಮದಿಂದ ಮಾಡುತ್ತದೆ, ಅದರಿಂದ ನಾಡಿಗೆ ಆಗಬೇಕಾದ ಪ್ರಯೋಜನವೇನು ಎಂಬ ಮೂರು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಚರ್ಚೆ ಬರಿಯ ನಿಯಮಗಳ ಪಟ್ಟಿಯಾಗಬಾರದೆಂಬ ಕಾರಣದಿಂದ ಒಂದು ಊರನ್ನು ಕಣ್ಣಮುಂದೆ ಇಟ್ಟುಕೊಂಡಿದ್ದೇವೆ. ಹೊನ್ನವಳ್ಳಿಯು ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಹಿಂದೆ ತಾಲ್ಲೂಕಿಗೇ ಅದರ ಹೆಸರಿದ್ದಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳನ್ನೊಳಗೊಂಡ ಈ ಸೀಮೆಯ ಜೀವನಾಧಾರ ತೆಂಗು. ಬಲಿತ ಕಾಯನ್ನು ಸುಲಿಯದೆ ಅಟ್ಟದ ಮೇಲೆ ಹಲವು ತಿಂಗಳು ಇಟ್ಟು, ಒಳಗಿನ ನೀರು ತಾನಾಗಿಯೇ ಇಂಗಿ ತಿರುಳು ಕರಟದಿಂದ ಬಿಡಿಸಿಕೊಂಡ ಮೇಲೆ ಒಡೆದು ತೆಗೆಯುವ ಉಂಡೆ ಕೊಬ್ಬರಿ ಇಲ್ಲಿಯ ವಿಶೇಷ. ತಿಪಟೂರಿನ ಮಾರುಕಟ್ಟೆಯಿಂದ ಅದು ಉತ್ತರ ಹಿಂದೂಸ್ಥಾನದ ಊರುಗಳಿಗೆ ಹೋಗುತ್ತದೆ. ಇಂತಹ ಸೀಮೆಗೂ ಪರದೇಶಗಳ ವಿಶ್ವವಿದ್ಯಾನಿಲಯಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಉಂಟು, ಅದು ಕಾಲು ಮಿಲಿಮೀಟರನ್ನು ಮೀರದ ಒಂದು ಜೀವಿಯಿಂದ ತಿಳಿದುಬರುತ್ತದೆ.

೨. ಒಂದು ನುಸಿಯ ಪ್ರಯಾಣ

ಮೆಕ್ಸಿಕೋ ದೇಶದ ಗೆರೆರೋ ಪ್ರಾಂತದ ತೆಂಗಿನಕಾಯಿಗಳಲ್ಲಿ ದೊರೆತ ಒಂದು ನುಸಿಯನ್ನು ೧೯೬೫ರಲ್ಲಿ ಕೀಫರ್ ಎಂಬ ವಿಜ್ಞಾನಿ ವರ್ಣಿಸಿ, ಅದಕ್ಕೆ ಆ ಪ್ರಾಂತದ ಹೆಸರನ್ನೇ ಕೊಟ್ಟರು. ಅದೇ ದಶಕದಲ್ಲಿ ಅದು ಆಫ್ರಿಕದ ಪಶ್ಚಿಮ ಭಾಗದಲ್ಲಿಯೂ ಕಂಡುಬಂತು. ೧೯೯೮ರಲ್ಲಿ ಕೇರಳದ ಎರ್ಣಾಕುಳಂ ಜಿಲ್ಲೆಯಲ್ಲಿ ಗೋಚರಿಸಿ, ಮುಂದಿನ ಕೆಲವೇ ವರ್ಷಗಳಲ್ಲಿ ಕರ್ನಾಟಕ, ತಮಿಳುನಾಡುಗಳ ತೋಟಗಳನ್ನೂ ಹೊಕ್ಕಿತು. ನಮ್ಮ ರೈತರು ನುಸಿ ರೋಗವೆಂದು ಕರೆಯುವುದು ಇದನ್ನೇ. ಎಳೆಯ ಕಾಯಿಯ ತೊಟ್ಟಿನ ಎಲೆಗಳ ಕೆಳಗೆ ಅಡಗಿ ಇದು ರಸ ಹೀರುತ್ತದೆ. ಮೊದಲು ತೊಟ್ಟಿನ ಬುಡದಲ್ಲಿ ಬಿಳಿಚಿದ ಮುಕ್ಕೋನದ ಮಚ್ಚೆ, ಬಳಿಕ ಅದು ಕಂದಾಗಿ ಬಿರುಕು, ಬಿರುಕಿನಲ್ಲಿ ಅಂಟು. ಕೊನೆಗೆ ಕಾಯಿ ಸಣ್ಣದಾಗಿ ಉಳಿಯುತ್ತದೆ, ಸುಲಿಯುವುದೂ ಕಷ್ಟ. ಉಂಡೆಯ ಗಾತ್ರವನ್ನು ನೋಡಿ ಬೆಲೆ ಕಟ್ಟುವ ಕೊಬ್ಬರಿಯ ವ್ಯಾಪಾರದಲ್ಲಿ ಕಾಯಿ ಸಣ್ಣದಾಗುವುದೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಮೆಕ್ಸಿಕೋದಲ್ಲಿ ಹೆಸರು ಪಡೆದ ೩೩ ವರ್ಷಗಳ ಮೇಲೆ ನುಸಿ ಭಾರತದಲ್ಲಿ ಕಾಣಿಸಿಕೊಂಡಿತು. ಅದಕ್ಕೆ ಪಾಸ್‌ಪೋರ್ಟು ಬೇಕಾಗಲಿಲ್ಲ, ಒಡಂಬಡಿಕೆ ಬೇಕಾಗಲಿಲ್ಲ. ಅದನ್ನು ಕುರಿತ ವಿದ್ಯೆಯಾದರೋ ಹೀಗೆ ತಾನಾಗಿ ಹಬ್ಬಲಾರದು. ನುಸಿಯ ಮೂಲವನ್ನು ನಿರ್ಣಯಿಸಲು ಬ್ರೆಜಿಲ್, ಫ್ರಾನ್ಸ್ ಹಾಗೂ ಅಮೆರಿಕದ ಸಂಶೋಧಕರು ಒಟ್ಟುಗೂಡಿ ಅಮೆರಿಕ ಖಂಡಗಳು, ಆಫ್ರಿಕ, ಹಿಂದೂಮಹಾಸಾಗರದ ಪ್ರದೇಶ ಇವುಗಳ ಮಾದರಿಗಳನ್ನು ಹೋಲಿಸಬೇಕಾಯಿತು. ಇದರ ತವರು ಅಮೆರಿಕ ಖಂಡವೆಂಬ ನಿರ್ಣಯ ೨೦೦೫ರಲ್ಲಿ ಪ್ರಕಟವಾಯಿತು. ನುಸಿಯನ್ನು ತಿಂದು ಬದುಕುವ ಬೇರೊಂದು ಜಾತಿಯ ನುಸಿಯನ್ನು ಕುರಿತು ಶ್ರೀಲಂಕಾ, ಬೆನಿನ್, ಬ್ರೆಜಿಲ್ ದೇಶಗಳಲ್ಲಿ ನಡೆದ ವ್ಯಾಸಂಗದಲ್ಲಿ ಆಂಸ್ಟರ್‌ಡಾಂ ವಿಶ್ವವಿದ್ಯಾನಿಲಯ ಪಾಲುಗೊಂಡಿತು. ತೆಂಗು ಬೆಳೆಯದ ಹಾಲೆಂಡಿನಲ್ಲಿ ತೆಂಗಿನ ಪೀಡೆಯನ್ನು ಕುರಿತು ವ್ಯಾಸಂಗ ನಡೆದುದು ವಿನಿಮಯದಿಂದ. ಪೀಡೆ ಗಡಿಗಳನ್ನು ಲೆಕ್ಕಿಸದೆ ಬರುವುದಾದರೆ, ಪರಿಹಾರವನ್ನು ಬಲ್ಲವರು ಗಡಿಗಳನ್ನು ದಾಟುವ ಮಾರ್ಗವನ್ನು ಯಾರಾದರೂ ಮೊದಲೇ ಸಿದ್ಧಪಡಿಸಿರಬೇಕು. ವಿನಿಮಯ ಕಚೇರಿಯ ಅವಶ್ಯಕತೆಯ ಮೂಲ ಇಲ್ಲಿದೆ.

೩. ಹಿನ್ನೆಲೆ

ಕಚೇರಿಯ ಹೆಸರು ಹೊಸದಾದರೂ ಕೆಲಸ ಹಳೆಯದು. ಮೈಸೂರು ವಿಶ್ವವಿದ್ಯಾನಿಲಯ ೧೯೧೬ರಲ್ಲಿ ಸ್ಥಾಪಿತವಾಗುವುದಕ್ಕೆ ಮುಂಚೆಯೇ ಸಿ. ಆರ್. ರೆಡ್ಡಿ ಹಾಗೂ ಥಾಮಸ್ ಡೆನ್‌ಹ್ಯಾಂ ಇವರು ಪರದೇಶಗಳ ವಿದ್ಯಾಪದ್ಧತಿಯನ್ನು ಪರಿಶೀಲಿಸಿ ವರದಿ ಮಾಡಿದರು. ಸ್ವತಂತ್ರ ಸಂಶೋಧನೆಗೆ ಷಿಕಾಗೋ, ಜನಸಾಮಾನ್ಯರಲ್ಲಿ ಜ್ಞಾನಪ್ರಸಾರಕ್ಕೆ ವಿಸ್ಕಾನ್ಸಿನ್, ಜೀವನಕ್ಕೂ ಸಮಾಜಸೇವೆಗೂ ವಿದ್ಯಾರ್ಥಿಗಳನ್ನು ಅಣಿಗೊಳಿಸುವುದಕ್ಕೆ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳು ಮೇಲ್ಪಂಕ್ತಿಯಾದುವು. ಮೈಸೂರಿನ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಮಾಡಿದ ಪ್ರಚಾರೋಪನ್ಯಾಸಗಳೂ, ಆ ಮಾಲೆಯಲ್ಲಿ ಅಚ್ಚಾದ ಚಿಕ್ಕ ಪುಸ್ತಕಗಳೂ ಈ ಜ್ಞಾನಪ್ರಸಾರದ ಜಾತಿಗೆ ಸೇರಿದುವೇ. ಪರದೇಶದಲ್ಲಿ ನೋಡಿದ ಒಂದು ಪದ್ಧತಿ ನಮ್ಮ ಹಳ್ಳಿಯ ಜಗುಲಿಯವರೆಗೆ ಬರಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ.

ಸ್ವಾತಂತ್ರ್ಯಾನಂತರ ವಿನಿಮಯಕ್ಕೆ ಸರ್ಕಾರಗಳ ಆಶ್ರಯ ದೊರೆಯಿತು. ೧೯೫೦ರ ಫೆಬ್ರವರಿ ೨ರಂದು ಭಾರತ ಹಾಗೂ ಅಮೆರಿಕ ಸರ್ಕಾರಗಳು ಫುಲ್‌ಬ್ರೈಟ್ ಒಪ್ಪಂದಕ್ಕೆ ಸಹಿ ಮಾಡಿದುವು. ೨೦೦೮ರ ಹೊಸ ಒಪ್ಪಂದದಂತೆ ಅದರ ವೆಚ್ಚವನ್ನು ಉಭಯ ಸರ್ಕಾರಗಳೂ ಸಮನಾಗಿ ಹೊರುವುದೆಂದು ನಿಶ್ಚಯವಾಗಿ, ವಿದ್ಯಾರ್ಥಿವೇತನಕ್ಕೆ ನೆಹರೂ ಅವರ ಹೆಸರೂ ಸೇರಿತು. ಪರದೇಶದ ವಿದ್ಯಾರ್ಥಿಗಳಿಗೆ ವೇತನ ಕೊಡುವ ಭಾರತೀಯ ಸಾಂಸ್ಕೃತಿಕ ಸಂಬಂಧ ಪರಿಷತ್ತು ಸ್ಥಾಪಿತವಾದುದೂ ೧೯೫೦ರಲ್ಲಿ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಯೋಜನೆ ೧೯೫೯ರಲ್ಲಿ ಆಕ್ಸ್‌ಫರ್ಡಿನ ಸಮ್ಮೇಳನದಲ್ಲಿ ರೂಪುಗೊಂಡಿತು. ಅದೇ ವರ್ಷ ಫುಲ್‌ಬ್ರೈಟ್ ವೇತನದ ಮೇಲೆ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಹೋದ ಮೈಸೂರಿನ ಎ. ಕೆ. ರಾಮಾನುಜನ್ನರು ಮುಂದೆ ಷಿಕಾಗೋದಲ್ಲಿ ನೆಲಸಿ, ವಚನಗಳನ್ನು ಇಂಗ್ಲಿಷಿನ ಓದುಗರಿಗೆ ತಲಪಿಸಿದರು. ಅತ್ತಕಡೆಯಿಂದ ಬಂದ ವಿಲಿಯಂ ಬ್ರೈಟ್ ಅವರು ಆಡುಗನ್ನಡದ ವ್ಯಾಕರಣವನ್ನು ರಚಿಸಿದರು. ಪುಣೆಯ ಡೆಕ್ಕನ್ ಕಾಲೇಜು ಅದನ್ನು ೧೯೫೮ರಲ್ಲಿ ಪ್ರಕಟಿಸಿತು.

ಈ ವ್ಯಕ್ತಿಗಳ ಹಿಂದೆ ಇದ್ದುದು ವೇತನ ಕೊಡುವ ಸಂಸ್ಥೆಗಳು. ವಿಶ್ವವಿದ್ಯಾನಿಲಯಗಳಲ್ಲಿ ಇದಕ್ಕಾಗಿ ಒಂದು ಕಚೇರಿ ಇರಬೇಕೆಂಬ ವಿಧಿ ಈಚಿನದು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ ಪರದೇಶದ ವಿದ್ಯಾರ್ಥಿಗಳಿರುವ ಪ್ರತಿಯೊಂದು ಸಂಸ್ಥೆಯಲ್ಲಿಯೂ ಇಂತಹ ಕಚೇರಿ ಇರತಕ್ಕುದೆಂದು ಹೇಳಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ೨೦೨೧ರಲ್ಲಿ ಅದರ ಕರ್ತವ್ಯಗಳನ್ನು ವಿವರಿಸುವ ಮಾರ್ಗಸೂಚಿಯನ್ನು ಹೊರಡಿಸಿತು.

೪. ಹೋಗುವವರ ವಿಷಯ

ಕಚೇರಿಯ ಕೆಲಸ ಒಡಂಬಡಿಕೆಯಿಂದ ಮೊದಲಾಗುತ್ತದೆ. ಎರಡು ವಿಶ್ವವಿದ್ಯಾನಿಲಯಗಳು ಇಷ್ಟು ವರ್ಷಗಳ ಕಾಲ ಇಷ್ಟು ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಪರಸ್ಪರ ಸ್ವೀಕರಿಸುವುದಾಗಿ ಮಾತು ಕೊಡುತ್ತವೆ. ಸಾಮಾನ್ಯವಾದ ಕ್ರಮವೆಂದರೆ, ಹೋಗುವ ವಿದ್ಯಾರ್ಥಿ ಬೋಧನಶುಲ್ಕವನ್ನು ತನ್ನ ವಿಶ್ವವಿದ್ಯಾನಿಲಯದಲ್ಲಿಯೇ ಕಟ್ಟುತ್ತಾನೆ. ಆತಿಥೇಯ ಸಂಸ್ಥೆ ಬೇರೆ ಶುಲ್ಕ ಕೇಳುವುದಿಲ್ಲ. ಆದಕಾರಣ ಹೋಗುವವರ ಹಾಗೂ ಬರುವವರ ಸಂಖ್ಯೆ ಸರಿದೂಗಬೇಕು. ಒಂದು ಕಡೆಯಿಂದ ಹತ್ತು ಮಂದಿ ಹೋಗಿ, ಇನ್ನೊಂದು ಕಡೆಯಿಂದ ಒಬ್ಬರೇ ಬಂದರೆ ಒಡಂಬಡಿಕೆ ಬಹುಕಾಲ ಬಾಳದು.

ಎರಡನೆಯದು ವ್ಯಾಸಂಗದ ಲೆಕ್ಕ. ಯೂರೋಪಿನ ವಿಶ್ವವಿದ್ಯಾನಿಲಯಗಳಲ್ಲಿ ಒಂದು ವರ್ಷದ ಪೂರ್ಣ ವ್ಯಾಸಂಗಕ್ಕೆ ೬೦ ಕ್ರೆಡಿಟ್ಟುಗಳು. ಭಾರತದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಂತೆ ೪೦. ಅಲ್ಲಿ ಅರ್ಧವರ್ಷದಲ್ಲಿ ಗಳಿಸಿದ ೩೦ ಇಲ್ಲಿ ಎಷ್ಟಾಗಬೇಕು, ಯಾವ ಪತ್ರಿಕೆಗೆ ಬದಲಾಗಿ ಯಾವುದು ಸಲ್ಲಬೇಕು ಎಂಬುದನ್ನು ವಿದ್ಯಾರ್ಥಿ ವಿಮಾನವೇರುವ ಮುನ್ನವೇ ಬರೆಹದಲ್ಲಿ ನಿಶ್ಚಯಿಸಬೇಕು. ವರ್ಷಾರಂಭದ ತಿಂಗಳೂ ಎಲ್ಲೆಡೆಯಲ್ಲಿ ಒಂದೇ ಅಲ್ಲ. ಜರ್ಮನಿಯಲ್ಲಿ ಚಳಿಗಾಲದ ಅವಧಿ ಅಕ್ಟೋಬರಿನಲ್ಲಿ ಮೊದಲಾಗುವುದರಿಂದ ನಮ್ಮ ಪರೀಕ್ಷೆಗಳೊಡನೆ ಅದು ತೊಡಕಾಗುತ್ತದೆ. ಇದನ್ನು ಮೊದಲು ಬಗೆಹರಿಸದಿದ್ದರೆ ಹಿಂದಿರುಗಿದ ವಿದ್ಯಾರ್ಥಿ ಒಂದು ವರ್ಷವನ್ನು ಕಳೆದುಕೊಳ್ಳುತ್ತಾನೆ. ಪರದೇಶದಲ್ಲಿ ಪೂರ್ಣ ಪದವಿಯನ್ನೇ ಪಡೆದು ಬಂದವರ ಪ್ರಶ್ನೆ ಬೇರೆ. ಅದರ ಸಮಾನತೆಯ ನಿರ್ಣಯವನ್ನು ಬಹುಕಾಲ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘ ಮಾಡುತ್ತಿದ್ದಿತು. ೨೦೨೫ರಲ್ಲಿ ಧನಸಹಾಯ ಆಯೋಗ ಇದಕ್ಕೆ ತನ್ನದೇ ನಿಯಮಾವಳಿಯನ್ನು ಪ್ರಕಟಿಸಿದೆ.

ಇಷ್ಟಾದರೂ ಒಂದು ದೊಡ್ಡ ತೊಡಕು ಉಳಿಯುತ್ತದೆ. ಬೋಧನಶುಲ್ಕ ಮಾತ್ರ ಮನ್ನಾ ಆದರೆ ಪ್ರಯಾಣ, ವಸತಿ, ಊಟಗಳ ವೆಚ್ಚ ವಿದ್ಯಾರ್ಥಿಯ ಮೇಲೆಯೇ ಬೀಳುತ್ತದೆ. ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಿ ಮಾರಾಟವಾಗುವವರೆಗೆ ಕೈಯಲ್ಲಿ ನಗದು ಕಾಣದ, ಆಗಲೂ ಇಂತಿಷ್ಟೇ ಬೆಲೆ ಸಿಕ್ಕೀತೆಂಬ ಭರವಸೆಯಿಲ್ಲದ ಹೊನ್ನವಳ್ಳಿಯ ರೈತನ ಮಗಳು ಈ ವೆಚ್ಚವನ್ನು ತರುವುದೆಲ್ಲಿಂದ? ಸಮಾನವೆಂದು ಬರೆದ ಒಡಂಬಡಿಕೆ ಇಲ್ಲಿ ಅಸಮಾನವಾಗಿಬಿಡುತ್ತದೆ: ಯೋಗ್ಯತೆಯಿದ್ದವರು ಅರ್ಜಿ ಹಾಕುತ್ತಾರೆ, ಹಣವಿದ್ದವರು ಹೋಗುತ್ತಾರೆ. ಪರಿಶಿಷ್ಟ ಜಾತಿ ಮೊದಲಾದ ವರ್ಗಗಳ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ೧೯೫೪-೫೫ರಿಂದಲೂ ಉಂಟು. ಆದರೆ ಅದು ಪರದೇಶದಲ್ಲಿ ಪದವಿಯನ್ನೇ ಪಡೆಯಹೋಗುವವರಿಗೆ. ಅರ್ಧವರ್ಷದ ವಿನಿಮಯಕ್ಕೆ ಹೋಗುವವರಿಗಾಗಿ ವಿಶ್ವವಿದ್ಯಾನಿಲಯವೇ ಒಂದು ಪ್ರಯಾಣನಿಧಿಯನ್ನು ಕೂಡಿಸದಿದ್ದರೆ ಒಡಂಬಡಿಕೆಯ ಫಲ ಪಟ್ಟಣವನ್ನು ದಾಟಿ ಬರುವುದಿಲ್ಲವೆಂದು ನಮ್ಮ ಅಭಿಪ್ರಾಯ. ಅರ್ಜಿಯ ಕಡೆಯ ದಿನ, ಭಾಷಾಪರೀಕ್ಷೆಯ ಶುಲ್ಕ, ಪಾಸ್‌ಪೋರ್ಟಿಗೆ ಬೇಕಾದ ದಾಖಲೆ ಇವುಗಳ ವಿವರ ಕನ್ನಡದಲ್ಲಿ ತಾಲ್ಲೂಕಿನ ಕಾಲೇಜುಗಳಿಗೆ ಮುಂಚಿತವಾಗಿ ತಲಪುವುದೂ ಇಷ್ಟೇ ಮುಖ್ಯ.

೫. ಬರುವವರ ವಿಷಯ

ಈಗ ಮತ್ತೊಂದು ದಿಕ್ಕಿನಿಂದ ನೋಡೋಣ. ಪರದೇಶೀಯ ಸಂಶೋಧಕಿಯೊಬ್ಬರು ಹೊನ್ನವಳ್ಳಿಯ ತೆಂಗಿನ ಜಾತಿಗಳನ್ನು ಅಭ್ಯಾಸ ಮಾಡಬಯಸಿದರೆಂದು ಭಾವಿಸಿಕೊಳ್ಳಬಹುದು. ಇದು ಬರಿಯ ಊಹೆಯ ವಿಷಯವಲ್ಲ; ರೈಸ್ ಅವರ ಮೈಸೂರು ಗ್ಯಾಸೆಟಿಯರಿನಲ್ಲಿಯೇ ಈ ಊರಿನ ‘ಗಂಗಾಪಾನಿ’ ಎಂಬ ಅಪರೂಪದ ತೆಂಗಿನ ಜಾತಿಯ ಹಾಗೂ ಅದರ ಎಳನೀರಿನ ಸವಿಯ ಉಲ್ಲೇಖವುಂಟು. ಮೊದಲು ನಮ್ಮ ಕಡೆಯ ಒಂದು ವಿಭಾಗ ಆಕೆಯನ್ನು ಆಹ್ವಾನಿಸಬೇಕು. ಆಹ್ವಾನಪತ್ರವನ್ನು ಸೇರಿಸಿ ಆಕೆ ತನ್ನ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿಯಲ್ಲಿ ಸಂಶೋಧನ ವೀಸಾ ಕೇಳಬೇಕು. ಪ್ರವಾಸಿಯ ವೀಸಾ ಇದಕ್ಕೆ ಸಲ್ಲದು. ೧೮೦ ದಿನಗಳನ್ನು ಮೀರಿದ ವೀಸಾ ಆದರೆ, ಬಂದ ೧೪ ದಿನಗಳೊಳಗೆ ವಿದೇಶೀಯರ ನೋಂದಣಿ ಅಧಿಕಾರಿಯಲ್ಲಿ ಹೆಸರು ಬರೆಸಬೇಕು. ಈ ದಿನಗಳನ್ನು ಎಣಿಸಿ ನೆನಪಿಸುವುದು ವಿನಿಮಯ ಕಚೇರಿಯ ಹೊಣೆ.

ಇದಕ್ಕಿಂತ ಸೂಕ್ಷ್ಮವಾದುದು ೨೦೦೨ರ ಜೀವವೈವಿಧ್ಯ ಅಧಿನಿಯಮ. ಭಾರತದ ಜೈವಿಕ ಸಂಪನ್ಮೂಲವನ್ನಾಗಲಿ, ಅದಕ್ಕೆ ಸಂಬಂಧಿಸಿದ ತಿಳಿವಳಿಕೆಯನ್ನಾಗಲಿ ಸಂಶೋಧನೆಗೆ ಪಡೆಯುವ ವಿದೇಶೀಯರು ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿಯನ್ನು ಮೊದಲೇ ಪಡೆಯಬೇಕು. ‘ತಿಳಿವಳಿಕೆ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಮರದ ಕಾಯಿ ಮಾತ್ರವಲ್ಲ, ಯಾವ ಮರದ ಕಾಯಿ ಬೀಜಕ್ಕೆ ಒದಗುತ್ತದೆ ಎಂದು ತೋಟಗಾರನು ಬಲ್ಲ ಅರಿವೂ ಈ ಕಾನೂನಿನ ದೃಷ್ಟಿಯಲ್ಲಿ ಸೊತ್ತು. ಸ್ಥಳೀಯ ಸಂಸ್ಥೆಯ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದೂ, ಅದರ ವ್ಯಾಪ್ತಿಯ ಸಂಪನ್ಮೂಲದ ವಿಷಯದಲ್ಲಿ ಪ್ರಾಧಿಕಾರ ಅದರೊಡನೆ ಸಮಾಲೋಚಿಸಬೇಕೆಂದೂ ಅದೇ ಅಧಿನಿಯಮ ಹೇಳುತ್ತದೆ. ಕೇಂದ್ರ ಸರ್ಕಾರದ ಮಾರ್ಗಸೂಚಿಗೆ ಅನುಸಾರವಾಗಿ ಅನುಮೋದಿತವಾದ ಸಹಯೋಗದ ಸಂಶೋಧನೆಗಳಿಗೆ ಮಾತ್ರ ವಿನಾಯಿತಿಯುಂಟು. ಸಂಶೋಧನೆ ಯಾವ ವರ್ಗಕ್ಕೆ ಸೇರುತ್ತದೆಂಬುದನ್ನು ಮೊದಲೇ ಪರಿಶೀಲಿಸದೆ ಬಿಟ್ಟರೆ ಒಳ್ಳೆಯ ಕೆಲಸವೂ ಅರ್ಧಕ್ಕೆ ನಿಲ್ಲುತ್ತದೆ.

ಇನ್ನು ಕಾಯನ್ನು ಹೊರದೇಶಕ್ಕೆ ಒಯ್ಯುವ ಪ್ರಶ್ನೆ. ತೆಂಗಿನ ಬೀಜ ರಾಗಿಯಂತೆ ಒಣಗಿಸಿ ಡಬ್ಬಿಯಲ್ಲಿ ಕಾಪಿಡತಕ್ಕುದಲ್ಲ. ಗಾತ್ರ ದೊಡ್ಡದು, ಸುಪ್ತಾವಸ್ಥೆ ಇಲ್ಲ, ಜೊತೆಗೆ ಪೀಡೆಗಳೂ ಪ್ರಯಾಣ ಮಾಡಬಹುದು. ಆದ್ದರಿಂದ ಕಾಯಿಯ ಬದಲು ಅದರೊಳಗಿನ ಭ್ರೂಣವನ್ನು ಮಾತ್ರ ತೆಗೆದು, ನಿರ್ಮಲವಾದ ಗಾಜಿನ ನಳಿಗೆಯಲ್ಲಿ ಬೆಳಸಿ ಕಳುಹಿಸುವ ಕ್ರಮ ಬಳಕೆಗೆ ಬಂದಿದೆ. ದಕ್ಷಿಣ ಕನ್ನಡ ಜಿಲ್ಲೆಯ ಕಿದುವಿನಲ್ಲಿ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆ ನಡಸುತ್ತಿರುವ ಅಂತರರಾಷ್ಟ್ರೀಯ ತೆಂಗಿನ ತಳಿಸಂಗ್ರಹ ಇಂತಹ ವಿನಿಮಯದ ಕೇಂದ್ರಗಳಲ್ಲೊಂದು. ಪರದೇಶೀಯ ತಳಿಗಳು ಅಲ್ಲಿ ನಮ್ಮ ತಳಿಗಳ ಜೊತೆಯಲ್ಲಿಯೇ ಬೆಳೆಯುತ್ತಿವೆ.

೬. ಕೊಟ್ಟುದು, ಪಡೆದುದು

ಕಾಗದಪತ್ರಗಳೆಲ್ಲ ಸರಿಯಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಹಳ್ಳಿಗೆ ಬಂದು ಕೇಳಿ ಬರೆದುಕೊಂಡು ಹೋದುದು ಹಳ್ಳಿಗೆ ಹಿಂದಿರುಗುತ್ತದೆಯೆ?

೧೮೦೦ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತುತ್ತ ಚಿಕ್ಕನಾಯಕನಹಳ್ಳಿಯ ಕಡೆಗೂ ಬಂದನು. ಬೇಸಾಯ, ತೋಟ, ವ್ಯಾಪಾರಗಳನ್ನು ಕುರಿತು ಆತ ಕೇಳಿ ಬರೆದುದು ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಇಂದಿಗೂ ಅದು ಚರಿತ್ರಕಾರರಿಗೆ ಅಮೂಲ್ಯವಾದ ಆಕರ. ಆದರೆ ಆ ಸರ್ವೇಕ್ಷಣೆ ನಡೆದುದು ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯ ಮೇರೆಗೆ, ಆಳುವವರ ಉಪಯೋಗಕ್ಕಾಗಿ. ಹೇಳಿದವರು ಒಂದು ಭಾಷೆಯವರು, ಓದಿದವರು ಇನ್ನೊಂದು ಭಾಷೆಯವರು. ಇದನ್ನು ಸಂಗ್ರಹವೆನ್ನಬಹುದೇ ಹೊರತು ವಿನಿಮಯವೆನ್ನಲಾಗದು.

ಇದಕ್ಕೆ ಹೋಲಿಸಿ ನೋಡತಕ್ಕುದು ಸ್ಕಾರ್ಲೆಟ್ ಎಪ್‌ಸ್ಟೈನ್ ಅವರ ಕೆಲಸ. ವಿಯೆನ್ನಾದಲ್ಲಿ ಹುಟ್ಟಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡುತ್ತಿದ್ದ ಆಕೆ ೧೯೫೪ರಲ್ಲಿ ಮೈಸೂರಿಗೆ ಬಂದು, ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ನೀರಾವರಿಯಿಂದಾದ ಬದಲಾವಣೆಗಳನ್ನು ಅಭ್ಯಾಸ ಮಾಡಿದರು. ಗ್ರಂಥಗಳಲ್ಲಿ ಆ ಹಳ್ಳಿಗಳಿಗೆ ವಂಗಲ, ದಲೇನ ಎಂಬ ಬದಲು ಹೆಸರುಗಳನ್ನಿಟ್ಟರು. ಮೊದಲ ಗ್ರಂಥ ೧೯೬೨ರಲ್ಲಿ ಹೊರಬಂತು. ಅಲ್ಲಿಗೆ ನಿಲ್ಲದೆ ೧೯೭೦ರಲ್ಲಿ ಅದೇ ಹಳ್ಳಿಗಳಿಗೆ ಮತ್ತೆ ಬಂದು, ತಾವು ಊಹಿಸಿದುದರಲ್ಲಿ ಯಾವುದು ನಿಂತಿತು, ಯಾವುದು ನಿಲ್ಲಲಿಲ್ಲ ಎಂಬುದನ್ನು ಪರೀಕ್ಷಿಸಿ ೧೯೭೩ರಲ್ಲಿ ಎರಡನೆಯ ಗ್ರಂಥವನ್ನು ಪ್ರಕಟಿಸಿದರು. ೧೯೯೮ರಲ್ಲಿ ಮತ್ತೊಂದು ಗ್ರಂಥ ಬಂದಾಗ ಇಲ್ಲಿಯ ಸಹಾಯಕರೂ ಅದರ ಸಹಲೇಖಕರಾಗಿದ್ದರು. ಮತ್ತೆ ಮತ್ತೆ ಹಿಂದಿರುಗುವುದು, ಇಲ್ಲಿಯವರನ್ನು ಲೇಖಕರೆಂದು ಒಪ್ಪುವುದು ಇವೆರಡೂ ವಿನಿಮಯದ ಲಕ್ಷಣಗಳು.

ಇನ್ನೊಂದು 
ನಿದರ್ಶನ ಎಚ್ಚರಿಕೆಯದು. ಎಂ. ಎನ್. ಶ್ರೀನಿವಾಸರು ೧೯೪೮ರಲ್ಲಿ ಮೈಸೂರಿನ ಬಳಿಯ ಒಂದು ಹಳ್ಳಿಯಲ್ಲಿ ನೆಲಸಿ ಸಂಗ್ರಹಿಸಿದ ವಿಷಯಗಳನ್ನು ವರ್ಷಗಟ್ಟಲೆ ಸಂಸ್ಕರಿಸಿ ಟಿಪ್ಪಣಿಗಳನ್ನಾಗಿ ಮಾಡಿದ್ದರು. ಅವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ, ೧೯೭೦ರ ಏಪ್ರಿಲ್ ೨೪ರಂದು ಅಲ್ಲಿ ಹೊತ್ತಿಸಿದ ಬೆಂಕಿಗೆ ಆ ಟಿಪ್ಪಣಿಗಳ ಮೂರು ಪ್ರತಿಗಳೂ ಒಟ್ಟಿಗೆ ಸಿಕ್ಕಿದುವು. ನೆನಪನ್ನೇ ಆಧಾರವಾಗಿಟ್ಟುಕೊಂಡು ಅವರು ಬರೆದ ಗ್ರಂಥ ೧೯೭೬ರಲ್ಲಿ ಪ್ರಕಟವಾಗಿ ಪ್ರಸಿದ್ಧವಾಯಿತು. ಅಂತಹ ನೆನಪಿನ ಶಕ್ತಿ ಎಲ್ಲರಲ್ಲಿಯೂ ಇರುವುದಿಲ್ಲ. ಹೊರದೇಶಕ್ಕೆ ಹೋಗುವ ಟಿಪ್ಪಣಿಯ ಒಂದು ಪ್ರತಿ ನಾಡಿನಲ್ಲಿ ಉಳಿಯತಕ್ಕುದೆಂಬ ಸಾಧಾರಣ ನಿಯಮದ ಬೆಲೆ ಇದರಿಂದ ತಿಳಿಯುತ್ತದೆ.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ವಿನಿಮಯ ಕಚೇರಿಯ ಮುಖ್ಯ ಕೆಲಸ ಪತ್ರವ್ಯವಹಾರವಲ್ಲ, ಲೆಕ್ಕವೆಂಬುದು ಸ್ಪಷ್ಟವಾಗುತ್ತದೆ: ಹೋದುದೇನು, ಬಂದುದೇನು, ಅದು ಯಾರಿಗೆ ಸಂದಿತು ಎಂಬ ಲೆಕ್ಕ. ಎಷ್ಟು ಒಡಂಬಡಿಕೆಗಳಾದುವೆಂದು ವರದಿಯಲ್ಲಿ ಹೇಳುವುದರಿಂದ ಈ ಲೆಕ್ಕ ಮುಗಿಯುವುದಿಲ್ಲ. ಈ ದೃಷ್ಟಿಯಿಂದ ನಾಲ್ಕು ಸಲಹೆಗಳನ್ನು ಮುಂದಿಡುತ್ತೇವೆ.

(ಅ) ಗ್ರಾಮಾಂತರದಲ್ಲಿ ಸಂಶೋಧನೆ ಮಾಡುವ ಪ್ರತಿಯೊಬ್ಬ ಅತಿಥಿಯೂ ತಮ್ಮ ಸಾಮಗ್ರಿಯ ಒಂದು ಪ್ರತಿಯನ್ನು ಆಹ್ವಾನಿಸಿದ ವಿಭಾಗದಲ್ಲಿರಿಸಬೇಕು. ಜನರ ಹೆಸರುಗಳನ್ನು ಗುಟ್ಟಾಗಿಡುವ ಹೊಣೆಯನ್ನು ವಿಭಾಗ ಹೊರಬೇಕು.

(ಆ) ಫಲಿತಾಂಶದ ಸಾರಾಂಶವನ್ನು ಕನ್ನಡದಲ್ಲಿ ಬರೆಯಿಸಿ ಆಯಾ ಗ್ರಾಮ ಪಂಚಾಯಿತಿಗೆ ಕಳುಹಿಸಬೇಕು. ಹೊನ್ನವಳ್ಳಿಯಲ್ಲಿ ಎಣಿಸಿದ ನುಸಿಯ ವಿಷಯ ಹೊನ್ನವಳ್ಳಿಯವರಿಗೆ ಮೊದಲು ತಿಳಿಯುವುದು ನ್ಯಾಯ.

(ಇ) ವಿಶ್ವವಿದ್ಯಾನಿಲಯದ ನಿಧಿಯಿಂದ ಪರದೇಶಕ್ಕೆ ಹೋಗಿಬಂದವರು ತಮ್ಮ ತಾಲ್ಲೂಕಿನಲ್ಲಿ ಒಂದು ಉಪನ್ಯಾಸವನ್ನಾದರೂ ಮಾಡಬೇಕು. ಹಿಂದಿನ ಪ್ರಚಾರೋಪನ್ಯಾಸಗಳ ಮಾರ್ಗ ಇದಕ್ಕೆ ಸಿದ್ಧವಾಗಿಯೇ ಇದೆ.

(ಈ) ಬರುವ ಅತಿಥಿಗಳಿಗೆ ಆಡುಗನ್ನಡದ ಪರಿಚಯವನ್ನು ಮೊದಲ ವಾರಗಳಲ್ಲಿಯೇ ಮಾಡಿಕೊಡಬೇಕು. ದುಭಾಷಿಯ ಮೂಲಕ ಕೇಳಿದ ಪ್ರಶ್ನೆಗೆ ಉತ್ತರ ದೊರೆಯಬಹುದು. ಕೇಳಬೇಕಾಗಿದ್ದ ಪ್ರಶ್ನೆ ಯಾವುದೆಂಬುದು ತೋಟದಲ್ಲಿ ಕುಳಿತು ಮಾತನಾಡಿದಾಗಲೇ ಹೊಳೆಯುವುದು.

ಪಾಶ್ಚಾತ್ಯ ಕವಿತೆಯನ್ನು ಕನ್ನಡಕ್ಕೆ ತಂದು ನಮ್ಮ ಕಾವ್ಯದ ದಿಕ್ಕನ್ನು ತಿರುಗಿಸಿದ ಬಿ. ಎಂ. ಶ್ರೀಕಂಠಯ್ಯನವರು ಹುಟ್ಟಿದುದು ಇದೇ ಸೀಮೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಅವರು ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರೂ ಆಗಿದ್ದರು. ಕಚೇರಿಯ ಕಡತವನ್ನು ನೋಡಿಕೊಳ್ಳುವವರೂ ವಿದ್ಯೆಯ ವಿನಿಮಯವನ್ನು ಮಾಡುವವರೂ ಬೇರೆಬೇರೆಯಾಗಿರಬೇಕಿಲ್ಲವೆಂಬುದಕ್ಕೆ ಅವರೇ ಸಾಕ್ಷಿ. ನಮ್ಮ ವಿಶ್ವವಿದ್ಯಾನಿಲಯಗಳ ವಿನಿಮಯ ಕಚೇರಿಗಳು ಈ ಮೇಲ್ಪಂಕ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಮಾಡಿದರೆ, ಮುಂದೆ ಇನ್ನಾವುದಾದರೂ ಪೀಡೆ ಸಮುದ್ರವನ್ನು ದಾಟಿ ಬಂದಾಗ ಅದನ್ನು ಬಲ್ಲವರು ಯಾರು, ಅವರನ್ನು ಕರೆಸುವುದು ಹೇಗೆ, ನಮ್ಮಲ್ಲಿ ಯಾರನ್ನು ಕಳುಹಿಸಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಕಡತದಲ್ಲಿ ಸಿದ್ಧವಾಗಿರುತ್ತದೆ.